ಮೊಮ್ಮಕ್ಕಳಿಗೆ ಒಪ್ಪಿಸತಕ್ಕ ಸಾಕ್ಷಿ

(ಮನೆಯ ಪ್ರಾರ್ಥನೆಗೂ ಸಭೆಯ ಪಾಠಕ್ಕೂ ತಕ್ಕದ್ದು)

ಓದತಕ್ಕ ವೇದಭಾಗಗಳು: ಯೆಹೋಶುವ ೪ನೆಯ ಅಧ್ಯಾಯ, ಧರ್ಮೋಪದೇಶಕಾಂಡ ೬:೪–೯, ೨೦–೨೫, ಕೀರ್ತನೆ ೭೮:೧–೮, ೨ ತಿಮೊಥೆ ೧:೩–೫.

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದ ಕೂಡಲೆ ದೇವರು ಅವರಿಗೆ ಒಂದು ಕೆಲಸವನ್ನು ನೇಮಿಸಿದನು. ಹೊಳೆಯ ನಡುವೆ ಯಾಜಕರ ಕಾಲುಗಳು ನಿಂತಿದ್ದ ಸ್ಥಳದಿಂದ ಹನ್ನೆರಡು ಮಂದಿ ಹನ್ನೆರಡು ಕಲ್ಲುಗಳನ್ನು ಹೊತ್ತುಕೊಂಡು ಬರಬೇಕಾಗಿತ್ತು. ಯೆಹೋಶುವನು ಅವುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದನು. ಮುಂದೆ ಮಕ್ಕಳು ಅವುಗಳನ್ನು ಕಂಡು, ಇವು ಏನೆಂದು ತಂದೆಗಳನ್ನು ಕೇಳುವರೆಂದೂ, ಆಗ ತಂದೆಗಳು ಹೊಳೆಯನ್ನು ದಾಟಿದ ಸಂಗತಿಯನ್ನು ಹೇಳತಕ್ಕದ್ದೆಂದೂ ಆ ಅಧ್ಯಾಯದಲ್ಲಿ ಎರಡು ಸಾರಿ ಬರೆದದೆ. ಕಲ್ಲು ತಾನಾಗಿ ಮಾತಾಡದು. ಅದು ಮಗುವಿನ ಬಾಯಿಂದ ಪ್ರಶ್ನೆಯನ್ನು ಹೊರಡಿಸುತ್ತದೆ. ಉತ್ತರವು ಹಿರಿಯನ ಬಾಯಿಂದಲೇ ಹೊರಡಬೇಕು. ಹಿರಿಯನು ಸುಮ್ಮನಿದ್ದರೆ ಆ ಹನ್ನೆರಡು ಕಲ್ಲುಗಳೂ ಹೊಲದ ಬದುವಿನಲ್ಲಿ ಬಿದ್ದಿರುವ ಬೇರೆ ಕಲ್ಲುಗಳ ಹಾಗೆಯೇ ಆಗುವವು.

ಈ ಮಾತು ಹಂಪಸಾಗರದ ಸುತ್ತುಮುತ್ತಲಿನವರಿಗೆ ತಿಳಿಯುವಷ್ಟು ಸುಲಭವಾಗಿ ಬೇರೆಯವರಿಗೆ ತಿಳಿಯಲಾರದು. ೧೯೪೫ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ಹಿಂದೆ ೧೯೫೩ರಲ್ಲಿ ನೀರು ನಿಂತಾಗ, ನದೀತೀರದ ಅನೇಕ ಗ್ರಾಮಗಳು ಮುಳುಗಿಹೋದವು. ನಾರಾಯಣದೇವರಕೆರೆಯಂಥ ಹೆಸರುವಾಸಿಯಾದ ಊರು ಕೂಡ ನೀರಿನ ಪಾಲಾಗಿ, ಅಲ್ಲಿಯ ಜನರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಗೋಡೆಗಳೂ ಗುಡಿಗಳ ಕಲ್ಲುಗಳೂ ಮೇಲಕ್ಕೆ ಕಾಣಿಸಿಕೊಳ್ಳುವುದುಂಟು. ಅವುಗಳನ್ನು ಕಂಡ ಮಗುವು, ಅಲ್ಲಿ ಯಾರಿದ್ದರು, ಅವರು ಎಲ್ಲಿಗೆ ಹೋದರು, ಎಂದು ಕೇಳುತ್ತದೆ. ಉತ್ತರ ಹೇಳಬಲ್ಲ ಮುದುಕರು ವರುಷದಿಂದ ವರುಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸರಕಾರದ ದಫ್ತರಗಳಲ್ಲಿಯಾದರೂ ಹೆಸರುಗಳು ಬದಲಾಗುತ್ತಲೇ ಬಂದಿವೆ: ಮದ್ರಾಸ್ ಸಂಸ್ಥಾನದಲ್ಲಿದ್ದ ಈ ಸೀಮೆಯು ೧೯೫೩ರಲ್ಲಿ ಮೈಸೂರಿಗೆ ಸೇರಿತು, ೧೯೭೩ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು, ೨೦೨೧ರಿಂದ ನಾವು ವಿಜಯನಗರ ಜಿಲ್ಲೆಯವರು. ಮನೆಯೊಳಗೆ ಬಾಯಿಂದ ಕಿವಿಗೆ ದಾಟಿ ಬಂದದ್ದೇ ಒಂದು ಕುಟುಂಬದ ನಿಜವಾದ ದಫ್ತರವು. ಅದರಲ್ಲಿ ದೇವರ ಕಾರ್ಯಗಳು ಬರೆಯಲ್ಪಟ್ಟಿವೆಯೋ ಇಲ್ಲವೋ ಎಂಬುದೇ ಈ ಪಾಠದ ವಿಚಾರ.

೧. ಇದು ದೇವರ ಆಜ್ಞೆ

ಮಕ್ಕಳಿಗೆ ಹೇಳುವುದು ಮನಸ್ಸಿದ್ದರೆ ಮಾಡತಕ್ಕ ಕೆಲಸವೆಂದು ಕೆಲವರು ತಿಳಿದಿದ್ದಾರೆ. ವೇದವು ಹಾಗೆ ಹೇಳುವುದಿಲ್ಲ. ಪಸ್ಕದ ರಾತ್ರಿಯ ವಿಧಿಯನ್ನು ಕೊಟ್ಟಾಗಲೇ, ಮಕ್ಕಳು ಇದರ ಅರ್ಥವನ್ನು ಕೇಳುವರೆಂದು ಮೋಶೆಯು ಮುಂತಿಳಿಸಿದನು (ವಿಮೋಚನಕಾಂಡ ೧೨:೨೬). ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ಹೇಳತಕ್ಕ ಹೊತ್ತುಗಳು ಕೂಡ ನೇಮಕವಾಗಿವೆ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಎಪ್ಪತ್ತೆಂಟನೆಯ ಕೀರ್ತನೆಯನ್ನು ಎಚ್ಚರದಿಂದ ಓದುವವರಿಗೆ ಅದರ ಆರಂಭದ ಭಾಗದಲ್ಲಿ ನಾಲ್ಕು ತಲೆಗಳು ಕಾಣುವವು. ಪಿತೃಗಳು ಮಕ್ಕಳಿಗೆ, ಆ ಮಕ್ಕಳು ಇನ್ನೂ ಹುಟ್ಟದಿರುವವರಿಗೆ, ಅವರು ತಮ್ಮ ಮಕ್ಕಳಿಗೆ ತಿಳಿಸತಕ್ಕದ್ದೆಂದು ಅಲ್ಲಿ ಕ್ರಮವಾಗಿ ಹೇಳಿದೆ. ಇದರ ಫಲವೇನೆಂದರೆ, ಅವರು ದೇವರಲ್ಲಿ ಭರವಸವಿಡುವರು, ಆತನ ಕಾರ್ಯಗಳನ್ನು ಮರೆಯದಿರುವರು.

ಈ ಆಜ್ಞೆಯನ್ನು ಬಿಟ್ಟರೆ ಏನಾಗುವದೆಂಬುದಕ್ಕೆ ನ್ಯಾಯಸ್ಥಾಪಕರು ೨:೧೦ ದೃಷ್ಟಾಂತವಾಗಿದೆ. ಯೆಹೋಶುವನೊಂದಿಗೆ ಹೊಳೆ ದಾಟಿದವರು ತೀರಿಹೋದ ಮೇಲೆ, ಕರ್ತನನ್ನಾಗಲಿ ಆತನ ಕಾರ್ಯಗಳನ್ನಾಗಲಿ ಅರಿಯದ ಬೇರೊಂದು ಸಂತತಿಯು ಹುಟ್ಟಿತು. ಕಲ್ಲುಗಳನ್ನು ನಿಲ್ಲಿಸಿದವರ ಕಾಲವು ಮುಗಿದ ಸ್ವಲ್ಪದರಲ್ಲಿಯೇ ಹೀಗಾಯಿತು. ಯಾವ ಸಭೆಗಾದರೂ, ನಮ್ಮಲ್ಲಿ ನೂರು ವರುಷಗಳ ವಿಶ್ವಾಸವುಂಟೆಂಬ ಧೈರ್ಯವು ಸಾಲದು. ಒಂದು ತಲೆಯ ಮೌನವು ಆ ನೂರು ವರುಷಗಳನ್ನು ಅಳಿಸಿಬಿಡಬಲ್ಲದು.

೨. ನಮ್ಮ ಸೀಮೆಯಲ್ಲಿ ಸುವಾರ್ತೆಯು ಬಂದ ಬಾಗಿಲುಗಳು

ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಎಂಬವರು ೧೮೧೦ರಲ್ಲಿ ಬಳ್ಳಾರಿಗೆ ಬಂದರು. ಅವರೂ ವಿಲಿಯಂ ರೀವ್ ಎಂಬವರೂ ಈ ನಾಡಿನ ಪಂಡಿತರ ಸಹಾಯದಿಂದ ಸತ್ಯವೇದವನ್ನು ಕನ್ನಡಕ್ಕೆ ತಂದರು. ೧೮೩೧ರ ಸುಮಾರಿಗೆ ಸಂಪೂರ್ಣ ವೇದವು ಅಚ್ಚಾಗಿ ಸಿಕ್ಕಿತು. ಮಂಗಳೂರಿನಲ್ಲಿ ೧೮೪೩ರ ಜುಲೈ ೧ನೆಯ ತಾರೀಖಿನಲ್ಲಿ ಹೆರ್ಮನ್ ಮೋಗ್ಲಿಂಗ್ ಎಂಬವರು ಹೊರಡಿಸಿದ ಮೊದಲನೆಯ ಕನ್ನಡ ಪತ್ರಿಕೆಯು ಮಾರನೆಯ ವರುಷವೇ ಅಚ್ಚಿನ ಅನುಕೂಲಕ್ಕಾಗಿ ಬಳ್ಳಾರಿಗೆ ಬಂತು. ಹೀಗಿರಲಾಗಿ, ನಮ್ಮ ಭಾಷೆಯಲ್ಲಿ ದೇವರ ವಾಕ್ಯವು ಪುಸ್ತಕರೂಪವಾದದ್ದು ನಮ್ಮ ಬಾಗಿಲಿನ ಬಳಿಯಲ್ಲಿಯೇ. ಈ ಸಂಗತಿಯನ್ನು ಪ್ರತಿಯೊಬ್ಬ ಮಗುವೂ ತಿಳಿಯತಕ್ಕದ್ದು.

ಆದರೆ ಅಚ್ಚಿನ ಪುಸ್ತಕವು ಊರಿಗೆ ಬಂದ ಕಥೆ ಬೇರೆ, ಅದು ಮನೆಯೊಳಗೆ ಬಂದ ಕಥೆ ಬೇರೆ. ಎಲ್ಲರೂ ಒಂದೇ ಬಾಗಿಲಿನಿಂದ ಬರಲಿಲ್ಲ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು ೧೮೪೪ರಲ್ಲಿ ದೀಕ್ಷಾಸ್ನಾನ ಹೊಂದಿ, ತನ್ನವರನ್ನೂ ಮಾನಮರ್ಯಾದೆಯನ್ನೂ ಬಿಟ್ಟರು. ಅನಂತರ ಬಾಸೆಲಿನಲ್ಲಿ ಓದಿ ಬಂದು, ಉಪದೇಶಿಗಳಾಗತಕ್ಕವರಿಗೆ ಗುರುಗಳಾದರು. ಅವರು ಓದುತ್ತ ವಿಚಾರಿಸುತ್ತ ಬಂದವರು. ಬೇರೆ ಕೆಲವರು ಹಸಿವಿನ ಬಾಗಿಲಿನಿಂದ ಬಂದರು. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ ೧೮೭೬–೭೮ರ ಮಹಾ ಕ್ಷಾಮವು ಬಳ್ಳಾರಿ ಸೀಮೆಯನ್ನು ಬಹಳವಾಗಿ ಹಾಳುಮಾಡಿತು. ತಂದೆತಾಯಿಗಳನ್ನು ಕಳಕೊಂಡ ಮಕ್ಕಳನ್ನು ದಕ್ಷಿಣದ ಅನೇಕ ಮಿಶನ್ ಸ್ಥಳಗಳಲ್ಲಿ ಸೇರಿಸಿಕೊಂಡು ಸಾಕಿದರು. ಇನ್ನು ಕೆಲವರು, ತಮ್ಮನ್ನು ಮನುಷ್ಯರೆಂದು ಎಣಿಸಿ ಪಕ್ಕದಲ್ಲಿ ಕೂಡ್ರಿಸಿಕೊಂಡು ಅಕ್ಷರ ಕಲಿಸಿದವರ ಪ್ರೀತಿಯನ್ನು ಕಂಡು ಬಂದರು.

ಗಂಜಿಗಾಗಿ ಬಂದವರೆಂದು ಹಾಸ್ಯಮಾಡುವವರು ಅಂದೂ ಇದ್ದರು, ಇಂದೂ ಇದ್ದಾರೆ. ಇದಕ್ಕೆ ನಾವು ನಾಚಿಕೊಂಡು ಕಥೆಯನ್ನು ಮುಚ್ಚಿಡಬೇಕೋ? ಕರ್ತನು ಅಡವಿಯಲ್ಲಿ ಐದು ಸಾವಿರ ಮಂದಿಗೆ ಊಟವಿಟ್ಟಾಗ, ಮರುದಿನ ರೊಟ್ಟಿಗಾಗಿಯೇ ಹುಡುಕಿ ಬಂದವರು ಬಹಳ ಮಂದಿಯಿದ್ದರು. ಆತನು ಅದನ್ನು ಅವರ ಮುಖದೆದುರಿಗೇ ಹೇಳಿ, ಅದೇ ಮಾತಿನಿಂದ ಅವರನ್ನು ಜೀವದ ರೊಟ್ಟಿಯ ಕಡೆಗೆ ಕರೆದನು (ಯೋಹಾನ ೬). ಆದಕಾರಣ ಯಾವನ ಮುತ್ತಜ್ಜನಾದರೂ ಹಸಿವಿನಿಂದ ಬಂದಿದ್ದರೆ, ಹಸಿವಿನಿಂದ ಬಂದನೆಂದೇ ಹೇಳಲಿ. ಅದರ ಸಂಗಡ ಮತ್ತೊಂದನ್ನೂ ಹೇಳಲಿ: ಕ್ಷಾಮವು ತೀರಿ ಮಳೆಬೆಳೆಯಾದ ಮೇಲೆ ಗಂಜಿಯ ಪಾತ್ರೆಯು ಹೋಯಿತು, ಮುತ್ತಜ್ಜನು ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂಬುದೇ ಸಾಕ್ಷಿಯ ತಿರುಳು.

೩. ಅಜ್ಜಿಯ ಸ್ಥಾನ

ಪೌಲನು ತಿಮೊಥೆಗೆ ಬರೆಯುವಾಗ, ಅವನಲ್ಲಿರುವ ವಿಶ್ವಾಸವು ಮೊದಲು ಅಜ್ಜಿಯಾದ ಲೋವಿಯಲ್ಲಿಯೂ ಆಮೇಲೆ ತಾಯಿಯಾದ ಯೂನಿಕೆಯಲ್ಲಿಯೂ ವಾಸವಾಗಿತ್ತೆಂದು ನೆನಪುಮಾಡುತ್ತಾನೆ. ಅವನ ತಂದೆಯು ಗ್ರೀಕನು (ಅಪೊಸ್ತಲರ ಕೃತ್ಯಗಳು ೧೬:೧). ಆ ಮನೆಯಲ್ಲಿ ವೇದವನ್ನು ಕಲಿಸಿದವರು ಇಬ್ಬರು ಹೆಂಗಸರು. ಇದನ್ನು ನಮ್ಮ ತಾಲೂಕುಗಳ ಸ್ಥಿತಿಗೆ ಹೋಲಿಸಿ ನೋಡಿರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳ್ಳಿಗಳಲ್ಲಿ ಮಳೆ ತಪ್ಪಿದರೆ ಪ್ರಾಯದವರು ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಕಾಫಿಯ ತೋಟಗಳಿಗೂ ಗಂಡಹೆಂಡರಿಬ್ಬರೂ ಹೊರಟಾಗ, ಶಾಲೆಗೆ ಹೋಗುವ ಮಕ್ಕಳು ಅಜ್ಜ ಅಜ್ಜಿಯರ ಬಳಿಯಲ್ಲಿ ಉಳಿಯುತ್ತಾರೆ. ಅನೇಕ ತಿಂಗಳುಗಳ ವರೆಗೆ ಆ ಮನೆಯ ತಂದೆಯೂ ತಾಯಿಯೂ ಉಪದೇಶಿಯೂ ಎಲ್ಲವೂ ಆ ಮುದುಕಿಯೇ. ಉಪದೇಶಿಯು ವಾರಕ್ಕೊಮ್ಮೆ ಬಂದಾನು. ಅಜ್ಜಿಯಾದರೋ ಹಗಲೂ ರಾತ್ರಿಯೂ ಇದ್ದಾಳೆ.

ನನಗೆ ಓದು ಬಾರದು, ನಾನೇನು ಹೇಳಲಿ, ಎಂದು ಅನೇಕ ಮುದುಕಿಯರು ಅನ್ನುತ್ತಾರೆ. ಅಂಥವರು ಸಂಡೂರು ಸೀಮೆಯ ದರೋಜಿ ಈರಮ್ಮನವರನ್ನು ನೆನಸಲಿ. ೨೦೧೪ರಲ್ಲಿ ತೀರಿಕೊಂಡ ಆ ತಾಯಿಯು ಅಕ್ಷರವನ್ನು ಕಲಿತವರಲ್ಲ. ಆದರೂ ರಾತ್ರಿಯೆಲ್ಲಾ ಹಾಡಿದರೂ ಮುಗಿಯದ ಬುರ್ರಕಥೆಗಳು ಅವರ ನೆನಪಿನಲ್ಲಿದ್ದವು, ಪಂಡಿತರು ಬಂದು ಅವರ ಬಾಯಿಂದ ಕೇಳಿ ಬರಕೊಂಡರು. ನಮ್ಮ ನೆರೆಯವರು ಮೈಲಾರದ ಕಾರಣಿಕದ ಮಾತನ್ನೂ ಕೊಟ್ಟೂರಿನ ತೇರಿನ ಕಥೆಯನ್ನೂ ಪುಸ್ತಕವಿಲ್ಲದೆ ಮಕ್ಕಳಿಗೆ ದಾಟಿಸುತ್ತಾರೆ. ಹಿಂದೆ ಕಣದಲ್ಲಿ ಹಂತಿ ಹೂಡಿದಾಗ ಹಾಡುಗಳೂ ಹಾಗೆಯೇ ದಾಟಿದವು. ಕಿವಿಯಿಂದ ಕಲಿತು ಬಾಯಿಂದ ಕೊಡುವ ಶಕ್ತಿಯು ಈ ನಾಡಿನವರಲ್ಲಿ ಬಹಳವಾಗಿದೆ. ದೇವರು ತನಗೆ ಮಾಡಿದ್ದನ್ನು ಹೇಳುವುದಕ್ಕೆ ಅಜ್ಜಿಗೆ ಇದಕ್ಕಿಂತ ಹೆಚ್ಚಿನ ವಿದ್ಯೆಯು ಬೇಡ.

೪. ನಾವು ಸುಮ್ಮನಿರುವ ಕಾರಣಗಳು

ಮೊದಲನೆಯದು ನಾಚಿಕೆ. ನಮ್ಮ ಹಿರಿಯರಲ್ಲಿ ಅನೇಕರು ಊರ ಹೊರಗಿನ ಕೇರಿಯಲ್ಲಿದ್ದವರು. ಬಾವಿಯ ನೀರನ್ನು ಮುಟ್ಟಕೂಡದವರೂ ಜೀತಕ್ಕಿದ್ದವರೂ ಆಗಿದ್ದರು. ಓದಿ ಪಟ್ಟಣ ಸೇರಿದ ಮಕ್ಕಳಿಗೆ ಆ ಸಂಗತಿಯು ತಿಳಿಯುವುದು ಬೇಡವೆಂದು ತಂದೆಗಳು ಬಾಯಿ ಮುಚ್ಚುತ್ತಾರೆ. ಆದರೆ ಇಸ್ರಾಯೇಲ್ಯನು ಪ್ರಥಮಫಲದ ಬುಟ್ಟಿಯನ್ನು ದೇವರ ಸನ್ನಿಧಿಗೆ ತಂದಾಗ ಹೇಳತಕ್ಕ ಮಾತು ಯಾವುದರಿಂದ ಆರಂಭವಾಗುತ್ತದೆ? ತನ್ನ ಮೂಲಪಿತೃವು ಗತಿಗೆಟ್ಟು ಅಲೆಯುತ್ತಿದ್ದನೆಂಬದರಿಂದಲೂ, ಐಗುಪ್ತದಲ್ಲಿ ಬಿಟ್ಟೀ ಕೆಲಸಮಾಡಿದ ದಾಸರ ಸಂತತಿಯವನು ತಾನೆಂಬದರಿಂದಲೂ ಆರಂಭವಾಗುತ್ತದೆ (ಧರ್ಮೋಪದೇಶಕಾಂಡ ೨೬). ದಾಸತ್ವವನ್ನು ಬಿಟ್ಟು ಹೇಳಿದರೆ ಬಿಡುಗಡೆಗೆ ಅರ್ಥವೇ ಇಲ್ಲ. ಅಪಮಾನವು ಅನುಭವಿಸಿದವನ ಪಾಪವಲ್ಲ, ಮಾಡಿದವರ ಪಾಪ. ಮಗುವು ಇದನ್ನು ಪರರ ಬಾಯಿಂದ ನಿಂದೆಯಾಗಿ ಕೇಳುವ ಮೊದಲು ಸ್ವಂತ ಅಜ್ಜನ ಬಾಯಿಂದ ಸಾಕ್ಷಿಯಾಗಿ ಕೇಳುವುದು ಮೇಲು.

ಎರಡನೆಯದು ಭಯ. ೧೯೫೦ರ ಪರಿಶಿಷ್ಟ ಜಾತಿಗಳ ಆಜ್ಞೆಯ ಪ್ರಕಾರ ಕ್ರೈಸ್ತರಾದವರು ಆ ಪಟ್ಟಿಯಲ್ಲಿ ಎಣಿಸಲ್ಪಡುವುದಿಲ್ಲ. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಇದರಿಂದ ಕೆಲವು ಮನೆಗಳಲ್ಲಿ ಸಭೆಯ ಪುಸ್ತಕದಲ್ಲಿ ಒಂದು ಹೆಸರೂ ಶಾಲೆಯ ಪುಸ್ತಕದಲ್ಲಿ ಮತ್ತೊಂದು ಹೆಸರೂ ಇರುವುದುಂಟು. ಆ ಬಡವರ ಇಕ್ಕಟ್ಟನ್ನು ದೂರದಿಂದ ಜರೆಯುವುದು ಸುಲಭ. ನಾವು ಹಾಗೆ ಮಾಡುವುದಿಲ್ಲ. ಒಂದನ್ನು ಮಾತ್ರ ಯೋಚಿಸಬೇಕೆಂದು ಬೇಡುತ್ತೇವೆ. ಮನೆಯಲ್ಲಿ ಒಂದು ಸಂಗತಿಯನ್ನು ಪಿಸುಮಾತಿನಲ್ಲಿಯೇ ಆಡುವದನ್ನು ಕಂಡ ಮಗುವು, ಅದು ಅಪರಾಧವೆಂದು ತಿಳಿಯುವುದು. ಕಾಗದದ ಮೇಲೆ ಏನಿದ್ದರೂ, ಯಾವ ಕಷ್ಟದಿಂದ ಹಾಗಾಯಿತೆಂಬುದನ್ನೂ, ನಾವು ಯಾರವರೆಂಬುದನ್ನೂ ಮಗುವಿಗೆ ಮರೆಮಾಡದೆ ತಿಳಿಸತಕ್ಕದ್ದು.

ಮೂರನೆಯದು, ಹೇಳತಕ್ಕದ್ದೇನೂ ಇಲ್ಲವೆಂಬ ಭಾವನೆ. ನಾವು ಹುಟ್ಟು ಕ್ರೈಸ್ತರು, ನಮಗೆ ದರ್ಶನವೂ ಆಗಲಿಲ್ಲ, ಅದ್ಭುತವೂ ನಡೆಯಲಿಲ್ಲ, ಎಂದು ಹೇಳುವವರುಂಟು. ತಿಮೊಥೆಗೂ ದಮಸ್ಕದ ದಾರಿಯ ಬೆಳಕು ಇರಲಿಲ್ಲ. ಚಿಕ್ಕಂದಿನಿಂದ ಕೇಳಿದ ವೇದವಿತ್ತು. ಸಾಲದ ವರುಷದಲ್ಲಿ ಕಳ್ಳತನಕ್ಕೆ ಕೈಹಾಕದೆ ನಿಂತದ್ದು, ಮಗುವನ್ನು ಮಣ್ಣಿಗೆ ಕೊಟ್ಟ ರಾತ್ರಿಯಲ್ಲಿಯೂ ಪ್ರಾರ್ಥನೆಯನ್ನು ಬಿಡದೆ ಇದ್ದದ್ದು, ಹತ್ತು ವರುಷದ ವೈರವನ್ನು ಬಿಟ್ಟು ಅಣ್ಣನ ಮನೆಯ ಹೊಸ್ತಿಲು ತುಳಿದದ್ದು, ಇವೆಲ್ಲಾ ದೇವರ ಕಾರ್ಯಗಳೇ.

೫. ಹೇಗೆ ಹೇಳಬೇಕು?

(ಅ) ಸತ್ಯವಾಗಿ ಹೇಳಬೇಕು. ಜ್ವರ ಬಿಟ್ಟದ್ದನ್ನು ಸತ್ತವನು ಎದ್ದನೆಂದು ಬೆಳೆಸಕೂಡದು. ಮಕ್ಕಳು ದೊಡ್ಡವರಾಗಿ ವಿಚಾರಿಸಿ, ಒಂದರಲ್ಲಿ ಸುಳ್ಳನ್ನು ಕಂಡರೆ ಎಲ್ಲವನ್ನೂ ಬಿಟ್ಟಾರು. ಕುರುಡನಾಗಿ ಹುಟ್ಟಿದವನು ಫರಿಸಾಯರ ಮುಂದೆ ತನಗೆ ತಿಳಿಯದ್ದನ್ನು ತಿಳಿಯದೆಂದೂ, ತಿಳಿದದ್ದನ್ನು ಬಿಡದೆಯೂ ಹೇಳಿದನು (ಯೋಹಾನ ೯). ಅವನೇ ನಮಗೆ ಮಾದರಿ.

(ಆ) ಬಿದ್ದದ್ದನ್ನೂ ಹೇಳಬೇಕು. ಪೌಲನು ಅರಸನ ಮುಂದೆಯೂ ತಾನು ಸಭೆಯನ್ನು ಹಿಂಸಿಸಿದ್ದನ್ನು ಮುಚ್ಚಲಿಲ್ಲ. ಕುಡಿತವನ್ನು ಬಿಟ್ಟ ಅಜ್ಜನು ಕುಡಿಯುತ್ತಿದ್ದ ಕಾಲವನ್ನು ಹೇಳದಿದ್ದರೆ, ಅದೇ ಶೋಧನೆಗೆ ಸಿಕ್ಕಿದ ಮೊಮ್ಮಗನು ತನಗೆ ದಾರಿಯಿಲ್ಲವೆಂದುಕೊಂಡಾನು. ಆದರೆ ಪಾಪವನ್ನು ರುಚಿಯಾಗಿ ವರ್ಣಿಸಕೂಡದು. ಮಗುವಿನ ವಯಸ್ಸಿಗೆ ತಕ್ಕಷ್ಟೇ ಹೇಳಬೇಕು.

(ಇ) ನೆರೆಯವರನ್ನು ಹೀನೈಸದೆ ಹೇಳಬೇಕು. ನಮ್ಮ ಸಾಕ್ಷಿಯು ಕ್ರಿಸ್ತನನ್ನು ಹೊಗಳತಕ್ಕದ್ದೇ ಹೊರತು ಪಕ್ಕದ ಮನೆಯವರ ಪೂಜೆಯನ್ನು ಹಳಿಯತಕ್ಕದ್ದಲ್ಲ. ಕಷ್ಟಕಾಲದಲ್ಲಿ ಜೋಳವನ್ನು ಅಳೆದುಕೊಟ್ಟ ನೆರೆಯವನ ಉಪಕಾರವೂ ಆ ಕಥೆಯೊಳಗೆ ಸೇರಿರಲಿ. ಮೃದುತ್ವದಿಂದಲೂ ಗೌರವದಿಂದಲೂ ಉತ್ತರ ಹೇಳಬೇಕೆಂದು ಪೇತ್ರನು ಬೋಧಿಸಿದ್ದಾನಷ್ಟೆ (೧ ಪೇತ್ರ ೩:೧೫).

(ಈ) ಮನೆಯ ಮಾತಿನಲ್ಲಿ ಹೇಳಬೇಕು. ಪೀಠದ ಭಾಷೆಯು ಪೀಠದಲ್ಲಿಯೇ ಇರಲಿ. ಒಬ್ಬ ಅಜ್ಜಿಯು ಶೇಂಗಾ ಸುಲಿಯುತ್ತ ಹೀಗೆ ಹೇಳಿದರೆ ಸಾಕು: “ನಮ್ಮಜ್ಜಗ ಓದಾಕ ಬರ್ತಿದ್ದಿಲ್ಲಪಾ. ಉಪದೇಶಿ ಅಯ್ನೋರು ಓದೋದನ್ನ ಕೇಳಿ ಕೇಳಿ ಬಾಯಿಪಾಠ ಮಾಡ್ಕಂಡಿದ್ದ. ಹೊಲದಾಗ ಅದನ್ನ ಹೇಳ್ಕಂತ ಕಳೆ ಕೀಳ್ತಿದ್ದ. ನಾನು ಅವನ ಹಿಂದ ಹೋಗಿ ಕಲ್ತೆ.” ಇದಕ್ಕಿಂತ ಉದ್ದವಾದ ಪ್ರಸಂಗವನ್ನು ಆರು ವರುಷದ ಮಗುವು ಹೊರಲಾರದು. ಪಟ್ಟಣದಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದುವ ಮೊಮ್ಮಕ್ಕಳು ಊರಿಗೆ ಬಂದಾಗಲೂ ಇದೇ ಮಾತಿನಲ್ಲಿ ಹೇಳಿರಿ. ಅವರು ಅರ್ಧ ಮಾತನ್ನು ಬಿಟ್ಟರೂ ಅಜ್ಜಿಯ ಧ್ವನಿಯನ್ನು ಮರೆಯಲಾರರು.

(ಉ) ಹೊತ್ತನ್ನು ನೋಡಿ ಹೇಳಬೇಕು. ಬಡಿದು ಕೂಡ್ರಿಸಿ ಹೇಳಿದ ಕಥೆಯು ಶಿಕ್ಷೆಯಂತಾಗುವುದು. ಹೊಲದ ದಾರಿ, ಬೇಸಿಗೆಯ ರಾತ್ರಿಯಲ್ಲಿ ಅಂಗಳದ ಹಾಸಿಗೆ, ಕ್ರಿಸ್ಮಸ್ಸಿನ ಅಡಿಗೆಯ ಸಂಭ್ರಮ, ಸುಗ್ಗಿಯ ಕಾಣಿಕೆಯ ದಿನ, ಸಮಾಧಿಯನ್ನು ಶುಚಿಮಾಡುವ ದಿನ, ಇವೇ ಮೋಶೆಯು ಹೇಳಿದ ಹೊತ್ತುಗಳು. ಮಗುವು ಕೇಳಿದ ಪ್ರಶ್ನೆಗೆ ಉತ್ತರಕೊಡದೆ ಮುಂದಕ್ಕೆ ಹೋಗಬೇಡಿರಿ. ಗಿಲ್ಗಾಲಿನಲ್ಲಿಯೂ ಪ್ರಶ್ನೆಯೇ ಮೊದಲು.

(ಊ) ಬರೆದಿಡಬೇಕು. ಮನೆಯ ಸತ್ಯವೇದದ ಬರಿದಾದ ಹಾಳೆಗಳಲ್ಲಿ ಹೆಸರು, ಊರು, ದೀಕ್ಷಾಸ್ನಾನದ ವರುಷ, ಯಾರ ಮೂಲಕ ವಾಕ್ಯವು ಬಂತು, ಈ ನಾಲ್ಕನ್ನಾದರೂ ಬರೆಯಿರಿ. ವರುಷವು ಮರೆತಿದ್ದರೆ ಸಭೆಯ ದೀಕ್ಷಾಸ್ನಾನದ ಪುಸ್ತಕವನ್ನು ಪಾದ್ರಿಯವರ ಅಪ್ಪಣೆಯಿಂದ ನೋಡಬಹುದು. ಈ ಕಾಲದ ಹುಡುಗರ ಕೈಯಲ್ಲಿ ಮೊಬೈಲ್ ಫೋನುಗಳಿವೆ. ಅಜ್ಜನ ಮಾತನ್ನು ಅವನ ಧ್ವನಿಯಲ್ಲಿಯೇ ಅದರಲ್ಲಿ ಹಿಡಿದಿಟ್ಟು, ಗುಳೆ ಹೋದ ತಂದೆಗೂ ಕಳುಹಿಸಲಿ. ಧ್ವನಿಯನ್ನು ಹಿಡಿದಿಟ್ಟರೆ ಸಾಕೆಂದು ಕಿವಿಗೊಡುವದನ್ನು ಮಾತ್ರ ಬಿಡಬಾರದು.

೬. ಕಥೆಯಿಂದ ವಿಶ್ವಾಸಕ್ಕೆ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯು ಅವಶ್ಯವಾಗಿದೆ. ಹೊಲವು ತಂದೆಯಿಂದ ಮಗನಿಗೆ ಖಾತೆಯಾಗುವಂತೆ ವಿಶ್ವಾಸವು ಖಾತೆಯಾಗುವುದಿಲ್ಲ. ಸಮಾರ್ಯದ ಹೆಂಗಸಿನ ಮಾತನ್ನು ಕೇಳಿ ಊರವರು ಮೊದಲು ನಂಬಿದರು. ಕರ್ತನು ಎರಡು ದಿನ ಅವರಲ್ಲಿ ಉಳಿದ ಮೇಲೆ, ಈಗ ನಿನ್ನ ಮಾತಿನಿಂದಲ್ಲ, ನಾವೇ ಕೇಳಿ ತಿಳುಕೊಂಡಿದ್ದೇವೆಂದು ಅವಳಿಗೆ ಹೇಳಿದರು (ಯೋಹಾನ ೪). ಆ ಮಾತಿನಿಂದ ಅವಳಿಗೆ ಅವಮಾನವಾಯಿತೋ? ಅವಳ ಕೆಲಸವು ಪೂರ್ಣವಾಯಿತು. ನಮ್ಮ ಮೊಮ್ಮಕ್ಕಳಲ್ಲಿ ಕೆಲವರು ತಡವಾಗಿ ನಂಬಿಯಾರು. ಕೆಲವರು ದೂರಹೋಗಿ ಬಹಳ ವರುಷಗಳ ಮೇಲೆ ತಿರುಗಿ ಬಂದಾರು. ಕೆಲವರ ವಿಷಯದಲ್ಲಿ ನಾವು ಕಾಣದೆಯೇ ಕಣ್ಣುಮುಚ್ಚಬೇಕಾದೀತು. ನಂಬದವನನ್ನು ಕಥೆಯಿಂದ ಹೊಡೆಯಬಾರದು, ಮನೆಯ ಬಾಗಿಲನ್ನೂ ಮುಚ್ಚಬಾರದು. ಯೌವನದಲ್ಲಿ ಮನೆಬಿಟ್ಟ ಮಗನಿಗೆ ದೂರದೇಶದಲ್ಲಿ ನೆನಪಿಗೆ ಬಂದದ್ದು ತಂದೆಯ ಮನೆಯ ರೊಟ್ಟಿಯೇ. ನೆನಪಿಗೆ ಬರತಕ್ಕದ್ದೊಂದನ್ನು ಇಟ್ಟುಕೊಟ್ಟರೆ ತಾನೇ ಅದು ಬಂದೀತು?

ಪ್ರಿಯ ಅಜ್ಜಂದಿರೇ, ಅಜ್ಜಿಯರೇ, ನೀವು ಹೊಳೆಯನ್ನು ದಾಟಿದವರು. ನೀರಿನ ನಡುವೆ ನಿಮ್ಮ ಕಾಲು ನಿಂತ ಸ್ಥಳವನ್ನು ನೀವೇ ಬಲ್ಲಿರಿ, ನಿಮ್ಮ ಹಿಂದಿನವರು ಅದನ್ನು ಬಲ್ಲವರಲ್ಲ. ತಲೆ ನರೆತಾಗಲೂ, ಬರುವ ತಲೆಮಾರಿಗೆ ದೇವರ ಭುಜಬಲವನ್ನು ತಿಳಿಸುವ ತನಕ ತನ್ನನ್ನು ಕೈಬಿಡಬಾರದೆಂದು ಎಪ್ಪತ್ತೊಂದನೆಯ ಕೀರ್ತನೆಯವನು ಬೇಡಿಕೊಂಡನು. ಮುಪ್ಪಿನಲ್ಲಿ ಮಾಡತಕ್ಕ ಪ್ರಾರ್ಥನೆಯಾಗಿ ಅದನ್ನು ನೀವೂ ಹಿಡಿದುಕೊಳ್ಳಿರಿ. ಹೊಲಕ್ಕೆ ಹೋಗುವ ಬಲವು ತೀರಿದ ಮೇಲೆಯೂ ಈ ಕೆಲಸವು ನಿಮಗೆ ಉಳಿದದೆ.

ಮನೆಯಲ್ಲಿಯೂ ಸಭೆಯಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಕುಟುಂಬದಲ್ಲಿ ಕರ್ತನನ್ನು ಮೊದಲು ನಂಬಿದವರು ಯಾರು? ಯಾವ ಬಾಗಿಲಿನಿಂದ ಬಂದರು?

೨. ಅವರು ಅದಕ್ಕಾಗಿ ಏನನ್ನು ಕಳಕೊಂಡರು? ಏನನ್ನು ಪಡೆದರು?

೩. ಆ ಕಥೆಯನ್ನು ಬಲ್ಲ ಹಿರಿಯರು ಈಗ ಎಷ್ಟು ಮಂದಿ ಉಳಿದಿದ್ದಾರೆ? ಅವರ ಬಳಿಗೆ ಈ ತಿಂಗಳಲ್ಲಿ ಹೋಗತಕ್ಕವರು ಯಾರು?

೪. ನಾವು ಮಕ್ಕಳಿಗೆ ಹೇಳದೆ ಮುಚ್ಚಿಟ್ಟಿರುವ ಸಂಗತಿಯಾವುದು? ಮುಚ್ಚಿಡುವುದಕ್ಕೆ ಕಾರಣವು ನಾಚಿಕೆಯೋ, ಭಯವೋ, ಆಲಸ್ಯವೋ?

೫. ಈ ವರುಷದಲ್ಲಿ ದೇವರು ನಮಗೆ ಮಾಡಿದ ಯಾವ ಕಾರ್ಯವನ್ನು ಈ ರಾತ್ರಿಯೇ ಮಕ್ಕಳಿಗೆ ಹೇಳಬಹುದು?